ಅಮೆರಿಕದ ಪ್ರಾಂತಗಳು ರಾಜ್ಯಗಳಾದ ಬಗೆ

ಅಮೆರಿಕ ಸಂಯುಕ್ತ ಸಂಸ್ಥಾನದ 50 ರಾಜ್ಯಗಳಲ್ಲಿ ಬ್ರಿಟನ್ನಿನ ವಿರುದ್ಧ ಬಂಡೆದ್ದು ಸ್ವಾತಂತ್ರ್ಯ ಸಾರಿದ ಮೂಲ ವಸಾಹತುಗಳು 13 ಮಾತ್ರ. ಉಳಿದ 37 ರಾಜ್ಯಗಳು 1791 ರಿಂದ 1959 ರವರೆಗಿನ ಅವಧಿಯಲ್ಲಿ ಒಕ್ಕೂಟವನ್ನು ಸೇರಿದವು. ಅವುಗಳ ಪೈಕಿ 31 ರಾಜ್ಯಗಳು ಅದಕ್ಕೂ ಮೊದಲು ‘ಟೆರಿಟರಿ’ಗಳಾಗಿದ್ದವು, ಅಂದರೆ ರಾಷ್ಟ್ರೀಯ ಶಾಸನಸಭೆಯಾದ ಕಾಂಗ್ರೆಸ್ಸಿನ ನೇರ ಅಧಿಕಾರಕ್ಕೆ ಒಳಪಟ್ಟ ಪ್ರಾಂತಗಳಾಗಿದ್ದವು. ಅಲಬಾಮಾ ಹಾಗೆ ಪ್ರಾಂತವಾಗಿದ್ದದ್ದು ಕೇವಲ ಎರಡು ವರ್ಷ, 1817 ರಿಂದ 1819 ರವರೆಗೆ. ನ್ಯೂ ಮೆಕ್ಸಿಕೊ 1850 ರಲ್ಲಿ ಪ್ರಾಂತವಾಗಿ 1912 ರವರೆಗೆ ಕಾಯಬೇಕಾಯಿತು. ಸಂವಿಧಾನ ಒಂದೇ, ಕಾಯಿದೆಗಳೂ ಸರಿಸುಮಾರು ಒಂದೇ ಬಗೆಯವು. ಆದರೂ ಇಷ್ಟು ಅಂತರ ಬಂದದ್ದೇಕೆ ಎಂದು ತಿಳಿಯಬೇಕಾದರೆ ನಿಯಮವನ್ನೂ ಆ ನಿಯಮವನ್ನು ನಡೆಸಿದವರ ಲೆಕ್ಕಾಚಾರವನ್ನೂ ಜೊತೆಗಿಟ್ಟು ನೋಡಬೇಕಾಗುತ್ತದೆ.

ನಿಯಮ ಹುಟ್ಟಿದ್ದು ಒಂದು ಜಗಳದಿಂದ. ವರ್ಜೀನಿಯಾ, ಕನೆಟಿಕಟ್, ಮ್ಯಾಸಚೂಸೆಟ್ಸ್ ಮೊದಲಾದ ವಸಾಹತುಗಳು ತಮ್ಮ ಹಳೆಯ ರಾಜಸನ್ನದುಗಳನ್ನು ಮುಂದಿಟ್ಟು, ಅಪಲೇಚಿಯನ್ ಪರ್ವತಗಳಾಚೆಗಿನ ಅಪಾರ ಭೂಮಿ ತಮ್ಮದೆಂದು ಹೇಳಿಕೊಳ್ಳುತ್ತಿದ್ದವು. ಅಂಥ ಯಾವ ಹಕ್ಕೂ ಇಲ್ಲದ ಪುಟ್ಟ ಮೇರಿಲ್ಯಾಂಡ್ ಇದನ್ನು ಒಪ್ಪಲಿಲ್ಲ. ಎಲ್ಲರೂ ಸೇರಿ ಹೋರಾಡಿ ಗೆದ್ದ ನೆಲ ಎಲ್ಲರದೂ ಆಗಬೇಕು, ಇಲ್ಲವಾದರೆ ನಾಳೆ ವರ್ಜೀನಿಯಾ ಭೂಮಿ ಮಾರಿದ ಹಣದಿಂದಲೇ ಆಡಳಿತ ನಡೆಸಿ ನೆರೆಯ ರಾಜ್ಯಗಳನ್ನು ಬಡವಾಗಿಸುತ್ತದೆ ಎಂಬುದು ಅದರ ವಾದ. ಒಕ್ಕೂಟದ ಮೊದಲ ಸಂವಿಧಾನಕ್ಕೆ ಸಹಿ ಹಾಕದೆ ಅದು 1781 ರ ಮಾರ್ಚ್‌ವರೆಗೂ ಹಟ ಹಿಡಿದು ಕುಳಿತಿತು. ಈ ಒತ್ತಡದ ನಡುವೆಯೇ, 1780 ರ ಅಕ್ಟೋಬರ್ 10 ರಂದು, ಕಾಂಗ್ರೆಸ್ ಒಂದು ನಿರ್ಣಯ ಮಾಡಿತು: ರಾಜ್ಯಗಳು ಬಿಟ್ಟುಕೊಡುವ ಭೂಮಿಯನ್ನು ಸಮಾನ ಹಿತಕ್ಕಾಗಿ ಬಳಸಲಾಗುವುದು, ಅಲ್ಲಿ ಪ್ರತ್ಯೇಕ ಗಣರಾಜ್ಯಗಳನ್ನು ರಚಿಸಲಾಗುವುದು, ಅವು ಉಳಿದ ರಾಜ್ಯಗಳಿಗಿರುವಷ್ಟೇ ಸ್ವಾತಂತ್ರ್ಯ ಮತ್ತು ಸಾರ್ವಭೌಮತ್ವದೊಡನೆ ಒಕ್ಕೂಟದ ಸದಸ್ಯರಾಗುವುವು. ವರ್ಜೀನಿಯಾ 1784 ರಲ್ಲಿ ಒಹಾಯೊ ನದಿಯ ಉತ್ತರದ ಹಕ್ಕನ್ನು ಬಿಟ್ಟುಕೊಟ್ಟಿತು. ಅಲ್ಲಿಗೆ, ಸಾಲದಲ್ಲಿ ಮುಳುಗಿದ್ದ ಒಂದು ದುರ್ಬಲ ಕೇಂದ್ರಕ್ಕೆ ಇದ್ದಕ್ಕಿದ್ದಂತೆ ದೊಡ್ಡ ಆಸ್ತಿಯೊಂದು ದೊರೆತಂತಾಯಿತು.

ಆ ಆಸ್ತಿಯನ್ನು ನಡೆಸುವುದು ಹೇಗೆಂಬುದಕ್ಕೆ ಥಾಮಸ್ ಜೆಫರ್ಸನ್ ಅದೇ ವರ್ಷ ಮೊದಲ ಯೋಜನೆ ಬರೆದರು. ಸಿಲ್ವೇನಿಯಾ, ಮೆಟ್ರೊಪೊಟೇಮಿಯಾ, ಪಾಲಿಪೊಟೇಮಿಯಾ ಎಂಬಂಥ ಹೆಸರುಗಳನ್ನು ಮುಂದಿನ ರಾಜ್ಯಗಳಿಗೆ ಅವರು ಸೂಚಿಸಿದ್ದರು. ಅವು ಬಳಕೆಗೆ ಬರದಿದ್ದುದಕ್ಕೆ ಶಾಲಾ ಮಕ್ಕಳು ಕೃತಜ್ಞರಾಗಿರಬೇಕು. 1800 ರ ನಂತರ ಪಶ್ಚಿಮದ ಯಾವ ಭಾಗದಲ್ಲೂ ಗುಲಾಮಗಿರಿ ಇರಬಾರದೆಂಬ ಕಲಮನ್ನೂ ಅವರು ಸೇರಿಸಿದ್ದರು. ಅದು ಒಂದೇ ಒಂದು ರಾಜ್ಯದ ಮತದ ಕೊರತೆಯಿಂದ ಬಿದ್ದುಹೋಯಿತು. ಯೋಜನೆ ಅಂಗೀಕಾರವಾದರೂ ಜಾರಿಗೆ ಬರಲಿಲ್ಲ. 1785 ರ ಭೂ ಕಾಯಿದೆ ಮಾತ್ರ ಗಟ್ಟಿಯಾಗಿ ನಿಂತಿತು. ಅದು ನೆಲವನ್ನು ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕಗಳಾಗಿ ಅಳೆದು, ಪ್ರತಿ ಚೌಕವನ್ನು 640 ಎಕರೆಯ 36 ತುಂಡುಗಳಾಗಿ ವಿಂಗಡಿಸಿ, 16 ನೆಯ ತುಂಡನ್ನು ಶಾಲೆಗಾಗಿ ಮೀಸಲಿಟ್ಟಿತು. ಇಂದಿಗೂ ವಿಮಾನದಿಂದ ನೋಡಿದರೆ ಅಮೆರಿಕದ ಮಧ್ಯಭಾಗದ ಹೊಲಗಳು ಚದುರಂಗದ ಮನೆಗಳಂತೆ ಕಾಣುವುದು ಈ ಅಳತೆಯಿಂದಲೇ.

ರಾಜ್ಯ ರಚನೆಯ ನಿಜವಾದ ಮೂಲಶಾಸನ 1787 ರ ಜುಲೈ 13 ರಂದು ಅಂಗೀಕಾರವಾದ ವಾಯವ್ಯ ಪ್ರಾಂತದ ಕಾಯಿದೆ. ಫಿಲಡೆಲ್ಫಿಯಾದಲ್ಲಿ ಹೊಸ ಸಂವಿಧಾನದ ಕರಡು ಸಿದ್ಧವಾಗುತ್ತಿದ್ದಾಗಲೇ ನ್ಯೂಯಾರ್ಕಿನಲ್ಲಿ ಕೂಡಿದ್ದ ಹಳೆಯ ಕಾಂಗ್ರೆಸ್ ಇದನ್ನು ಮಾಡಿ ಮುಗಿಸಿತು. ಕಾಯಿದೆಯ ಪ್ರಕಾರ ಪ್ರಾಂತವೊಂದು ಮೂರು ಹಂತಗಳನ್ನು ದಾಟಬೇಕು. ಮೊದಲ ಹಂತದಲ್ಲಿ ಕಾಂಗ್ರೆಸ್ ನೇಮಿಸಿದ ಗವರ್ನರ್, ಒಬ್ಬ ಕಾರ್ಯದರ್ಶಿ ಮತ್ತು ಮೂವರು ನ್ಯಾಯಾಧೀಶರು ಆಳುತ್ತಾರೆ, ಜನರಿಗೆ ಮತವಿಲ್ಲ. ಪ್ರಾಪ್ತವಯಸ್ಕ ಸ್ವತಂತ್ರ ಪುರುಷರ ಸಂಖ್ಯೆ 5,000 ಮುಟ್ಟಿದಾಗ ಎರಡನೆಯ ಹಂತ ಬರುತ್ತದೆ. ಆಗ ಜನರು ಒಂದು ಸಭೆಯನ್ನು ಚುನಾಯಿಸಬಹುದು ಮತ್ತು ಕಾಂಗ್ರೆಸ್ಸಿಗೆ ಒಬ್ಬ ಪ್ರತಿನಿಧಿಯನ್ನು ಕಳಿಸಬಹುದು, ಆದರೆ ಆ ಪ್ರತಿನಿಧಿ ಮಾತನಾಡಬಹುದೇ ಹೊರತು ಮತ ಹಾಕುವಂತಿಲ್ಲ. ಗವರ್ನರನ ನಿರಾಕರಣಾಧಿಕಾರವೂ ಹಾಗೆಯೇ ಪೂರ್ಣವಾಗಿ ಉಳಿಯುತ್ತದೆ. ಸ್ವತಂತ್ರ ನಿವಾಸಿಗಳ ಸಂಖ್ಯೆ 60,000 ಆದಾಗ ಪ್ರಾಂತ ತನ್ನ ಸಂವಿಧಾನವನ್ನು ತಾನೇ ಬರೆದುಕೊಂಡು, ಮೂಲ ರಾಜ್ಯಗಳೊಡನೆ ಎಲ್ಲ ವಿಷಯಗಳಲ್ಲಿಯೂ ಸಮಾನ ಸ್ಥಾನದಲ್ಲಿ ಒಕ್ಕೂಟಕ್ಕೆ ಸೇರುತ್ತದೆ. ಆ ಇಡೀ ಪ್ರದೇಶದಿಂದ ಮೂರಕ್ಕೆ ಕಡಿಮೆಯಲ್ಲದ, ಐದಕ್ಕೆ ಮೀರದ ರಾಜ್ಯಗಳಾಗಬೇಕು ಎಂದೂ, ಅಲ್ಲಿ ಗುಲಾಮಗಿರಿ ಇರಕೂಡದು ಎಂದೂ ಕಾಯಿದೆ ಹೇಳಿತು. ಒಹಾಯೊ, ಇಂಡಿಯಾನಾ, ಇಲಿನಾಯ್, ಮಿಶಿಗನ್, ವಿಸ್ಕಾನ್ಸಿನ್ ಹುಟ್ಟಿದ್ದು ಹೀಗೆ.

ಈ ಕಾಯಿದೆಯಲ್ಲಿ ಸಾಮಾನ್ಯವಾಗಿ ಜನಸಂಖ್ಯೆಯ ಅಂಕಿಗಳೇ ಎಲ್ಲರ ಗಮನ ಸೆಳೆಯುತ್ತವೆ. ತೂಕವಿರುವುದು ಸಮಾನ ಸ್ಥಾನದ ಮಾತಿನಲ್ಲಿ. ಅದುವರೆಗಿನ ಸಾಮ್ರಾಜ್ಯಗಳು ದೂರದ ವಸಾಹತನ್ನು ವಸಾಹತಾಗಿಯೇ ಇಟ್ಟುಕೊಳ್ಳುತ್ತಿದ್ದವು. ಲಂಡನ್ನಿನಿಂದ ಅಂಥ ಉಪಚಾರ ಪಡೆದು ರೋಸಿದವರೇ ಈಗ ಪಶ್ಚಿಮದ ಒಡೆಯರಾಗಿದ್ದರು. ಪ್ರಾಂತದ ಆಡಳಿತ ತಾತ್ಕಾಲಿಕ, ಅದರ ಕೊನೆಯಲ್ಲಿ ಪೂರ್ಣ ಸಮಾನತೆ ಇದೆ ಎಂದು ಮೊದಲೇ ಬರೆದುಕೊಟ್ಟದ್ದು ಹೊಸ ಸಂಗತಿ. ಆದರೆ ಈ ಭರವಸೆ ಯಾರಿಗೆ ಎಂಬ ಪ್ರಶ್ನೆಗೆ ಉತ್ತರವೂ ಅದರಲ್ಲೇ ಇತ್ತು. ಶಾನಿ, ಮಯಾಮಿ, ಡೆಲಾವೇರ್ ಮುಂತಾದ ಮೂಲನಿವಾಸಿ ಜನಾಂಗಗಳು ಆ ನೆಲದ ಮೇಲೆ ಮೊದಲಿನಿಂದಲೂ ಬದುಕುತ್ತಿದ್ದವು. ಅವರೊಡನೆ ಪರಮ ಸದ್ಭಾವನೆಯಿಂದ ನಡೆದುಕೊಳ್ಳಲಾಗುವುದು, ಒಪ್ಪಿಗೆಯಿಲ್ಲದೆ ಅವರ ಭೂಮಿಯನ್ನು ತೆಗೆದುಕೊಳ್ಳಲಾಗುವುದಿಲ್ಲ ಎಂದು ಕಾಯಿದೆ ಹೇಳಿತಾದರೂ, ಅದೇ ಭೂಮಿಯನ್ನು ಅಳೆದು ಮಾರುವುದೇ ಇಡೀ ಯೋಜನೆಯ ಆಧಾರವಾಗಿತ್ತು. 1791 ರ ನವೆಂಬರಿನಲ್ಲಿ ಪ್ರಾಂತದ ಗವರ್ನರ್ ಆರ್ಥರ್ ಸೇಂಟ್ ಕ್ಲೇರ್ ನಡೆಸಿದ ಸೈನ್ಯವನ್ನು ಮೂಲನಿವಾಸಿಗಳ ಒಕ್ಕೂಟ ನುಚ್ಚುನೂರು ಮಾಡಿತು. 1794 ರ ಸೋಲಿನ ನಂತರ, 1795 ರ ಗ್ರೀನ್‌ವಿಲ್ ಒಪ್ಪಂದದಲ್ಲಿ, ಅವರು ಇಂದಿನ ಒಹಾಯೊದ ಬಹುಭಾಗವನ್ನು ಬಿಟ್ಟುಕೊಡಬೇಕಾಯಿತು. ಮುಂದೆ ಪಶ್ಚಿಮದ ಬಹುತೇಕ ಎಲ್ಲ ಕಡೆಯೂ ರಾಜ್ಯತ್ವಕ್ಕೆ ಮುನ್ನ ಇಂಥದೇ ಒಂದು ಅಧ್ಯಾಯ ನಡೆಯಿತು.

ಹೊಸ ಸಂವಿಧಾನದ ನಾಲ್ಕನೆಯ ವಿಧಿಯ ಮೂರನೆಯ ಭಾಗ ಈ ವಿಷಯವನ್ನು ಕೆಲವೇ ಸಾಲುಗಳಲ್ಲಿ ಮುಗಿಸುತ್ತದೆ. ಹೊಸ ರಾಜ್ಯಗಳನ್ನು ಕಾಂಗ್ರೆಸ್ ಸೇರಿಸಿಕೊಳ್ಳಬಹುದು. ಇರುವ ರಾಜ್ಯವೊಂದನ್ನು ಒಡೆದೋ ಹಲವನ್ನು ಕೂಡಿಸಿಯೋ ಹೊಸದನ್ನು ಮಾಡಬೇಕಾದರೆ ಆಯಾ ರಾಜ್ಯಗಳ ಶಾಸನಸಭೆಗಳ ಒಪ್ಪಿಗೆ ಬೇಕು. ಪ್ರಾಂತಗಳಿಗೆ ಬೇಕಾದ ನಿಯಮಗಳನ್ನು ಕಾಂಗ್ರೆಸ್ ಮಾಡಬಹುದು. ಸಮಾನ ಸ್ಥಾನದ ಮಾತು ಇಲ್ಲಿಲ್ಲ. ಕರಡಿನಲ್ಲಿ ಇತ್ತು, ಆದರೆ ಪಶ್ಚಿಮದವರು ಮುಂದೆ ಪೂರ್ವದವರನ್ನು ಮತಬಲದಿಂದ ಮೀರಿಸಿಯಾರೆಂದು ಹೆದರಿದ್ದ, ಸಂವಿಧಾನ ಸಮಾವೇಶದ ಸದಸ್ಯ ಗವರ್ನೂರ್ ಮಾರಿಸ್ ಅದನ್ನು ತೆಗೆಸಿದರು. ಹಾಗಿದ್ದೂ ಕಾಂಗ್ರೆಸ್ ಪ್ರತಿ ಬಾರಿಯೂ ಸೇರ್ಪಡೆಯ ಕಾಯಿದೆಯಲ್ಲಿ ಆ ಮಾತನ್ನು ಬರೆಯುತ್ತ ಹೋದದ್ದರಿಂದ ಅದು ರೂಢಿಯಾಯಿತು, ಕೊನೆಗೆ ಸುಪ್ರೀಂ ಕೋರ್ಟಿನ ತೀರ್ಪುಗಳ ಮೂಲಕ ಸಂವಿಧಾನದ ಭಾಗವೇ ಎಂಬಂತಾಯಿತು.

ಭಾರತದ ಓದುಗರು ಇಲ್ಲಿ ಎರಡು ವ್ಯತ್ಯಾಸಗಳನ್ನು ನೆನಪಿನಲ್ಲಿಡಬೇಕು, ಇಲ್ಲವಾದರೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ನಮ್ಮ ಸಂವಿಧಾನದ ಮೂರನೆಯ ವಿಧಿಯಂತೆ ಸಂಸತ್ತು ಸಾಧಾರಣ ಕಾಯಿದೆಯಿಂದಲೇ ರಾಜ್ಯಗಳನ್ನು ಒಡೆಯಬಹುದು, ಕೂಡಿಸಬಹುದು, ಗಡಿ ಬದಲಿಸಬಹುದು. ರಾಜ್ಯದ ಅಭಿಪ್ರಾಯವನ್ನು ಕೇಳಬೇಕು, ಒಪ್ಪಬೇಕಾಗಿಲ್ಲ. ‘ಸಿ’ ವರ್ಗದ ಪ್ರತ್ಯೇಕ ರಾಜ್ಯವಾಗಿದ್ದ ಕೊಡಗು 1956 ರ ನವೆಂಬರ್ 1 ರಂದು ವಿಶಾಲ ಮೈಸೂರಿನಲ್ಲಿ ಸೇರಿದ್ದೂ, ಆಂಧ್ರಪ್ರದೇಶದ ವಿಧಾನಸಭೆ ಬೇಡವೆಂದರೂ 2014 ರಲ್ಲಿ ತೆಲಂಗಾಣ ಆದದ್ದೂ ಈ ಅಧಿಕಾರದಿಂದಲೇ. ಅಮೆರಿಕದಲ್ಲಿ ಒಮ್ಮೆ ರಾಜ್ಯವಾದದ್ದನ್ನು ಅದರ ಒಪ್ಪಿಗೆಯಿಲ್ಲದೆ ಮುಟ್ಟುವಂತಿಲ್ಲ. ಎರಡನೆಯದು, ನಮ್ಮ ರಾಜ್ಯಸಭೆಯಲ್ಲಿ ಸ್ಥಾನಗಳು ಜನಸಂಖ್ಯೆಗೆ ಅನುಗುಣವಾಗಿ ಹಂಚಿಕೆಯಾಗಿವೆ: ಉತ್ತರ ಪ್ರದೇಶಕ್ಕೆ 31, ಕರ್ನಾಟಕಕ್ಕೆ 12, ಸಿಕ್ಕಿಮಿಗೆ 1. ಅಮೆರಿಕದ ಸೆನೆಟ್‌ನಲ್ಲಿ ಪ್ರತಿ ರಾಜ್ಯಕ್ಕೂ ಎರಡೇ ಸ್ಥಾನ, ಅದು ಎಷ್ಟೇ ಚಿಕ್ಕದಿರಲಿ, ಎಷ್ಟೇ ದೊಡ್ಡದಿರಲಿ. ಆದ್ದರಿಂದ ಅಲ್ಲಿ ಹೊಸ ರಾಜ್ಯವೊಂದು ಬಂದರೆ ಇಬ್ಬರು ಹೊಸ ಸೆನೆಟರುಗಳು ಬಂದಂತೆ, ಮತ್ತು ಅವರನ್ನು ಮತ್ತೆಂದೂ ಹೊರಗೆ ಕಳಿಸಲಾಗದು. ಕೊಟ್ಟ ಸಮಾನತೆಯನ್ನು ಹಿಂತೆಗೆದುಕೊಳ್ಳಲು ಬರುವುದಿಲ್ಲವಾದ್ದರಿಂದಲೇ, ಕೊಡುವ ಮುನ್ನ ಕಾಂಗ್ರೆಸ್ಸಿನಲ್ಲಿ ಅಷ್ಟು ಚೌಕಾಶಿ ನಡೆಯಿತು. 60,000 ಎಂಬ ಅಂಕಿ ಈ ಚೌಕಾಶಿಗೆ ಒಂದು ನೆಪ ಮಾತ್ರವಾಗಿ ಉಳಿಯಿತು ಎಂಬುದು ನನ್ನ ಅಭಿಪ್ರಾಯ.

ವಾಯವ್ಯ ಪ್ರಾಂತದ ಮೊದಲ ಮಗುವಾದ ಒಹಾಯೊದಲ್ಲೇ ಇದು ಕಾಣುತ್ತದೆ. 1800 ರ ಜನಗಣತಿಯಂತೆ ಅಲ್ಲಿದ್ದವರು ಸುಮಾರು 45,000. ಫೆಡರಲಿಸ್ಟ್ ಪಕ್ಷದ ಸೇಂಟ್ ಕ್ಲೇರ್ ರಾಜ್ಯತ್ವ ಬೇಡವೆಂದರು, ಏಕೆಂದರೆ ಅಲ್ಲಿನ ವಲಸಿಗರಲ್ಲಿ ಹೆಚ್ಚಿನವರು ಜೆಫರ್ಸನ್ನರ ಕಡೆಯವರು. ಆಗ ಅಧ್ಯಕ್ಷರಾಗಿದ್ದ ಜೆಫರ್ಸನ್ ಅದೇ ಕಾರಣಕ್ಕೆ ಬೇಕೆಂದರು. 1802 ರ ಏಪ್ರಿಲಿನಲ್ಲಿ ಕಾಂಗ್ರೆಸ್ ಅನುಮತಿ ಕಾಯಿದೆಯನ್ನು ಮಾಡಿತು, ವರ್ಷದ ಕೊನೆಗೆ ಸೇಂಟ್ ಕ್ಲೇರ್ ಅವರನ್ನು ಗವರ್ನರ್ ಸ್ಥಾನದಿಂದ ತೆಗೆದುಹಾಕಲಾಯಿತು, 1803 ರಲ್ಲಿ ಒಹಾಯೊ ರಾಜ್ಯವಾಯಿತು.

ಆ ಅನುಮತಿ ಕಾಯಿದೆ ಮುಂದಿನವರಿಗೆ ಮಾದರಿಯಾಯಿತು. ಕ್ರಮ ಹೀಗೆ: ಪ್ರಾಂತದ ಜನ ಮನವಿ ಸಲ್ಲಿಸುತ್ತಾರೆ, ಕಾಂಗ್ರೆಸ್ ಗಡಿಯನ್ನೂ ಷರತ್ತುಗಳನ್ನೂ ಹೇಳಿ ಸಂವಿಧಾನ ರಚಿಸಲು ಅನುಮತಿ ಕೊಡುತ್ತದೆ, ಚುನಾಯಿತ ಪ್ರತಿನಿಧಿಗಳ ಸಮಾವೇಶ ಸಂವಿಧಾನ ಬರೆಯುತ್ತದೆ, ನಂತರದ ದಿನಗಳಲ್ಲಿ ಜನಮತದಿಂದ ಅದನ್ನು ಸ್ಥಿರಪಡಿಸುವ ಪದ್ಧತಿಯೂ ಬಂತು, ಕೊನೆಗೆ ಕಾಂಗ್ರೆಸ್ಸಿನ ನಿರ್ಣಯ ಅಥವಾ ಅಧ್ಯಕ್ಷರ ಘೋಷಣೆಯಿಂದ ಸೇರ್ಪಡೆಯಾಗುತ್ತದೆ. ಜೊತೆಗೆ ಕೊಡು-ಕೊಳ್ಳುವ ವ್ಯವಹಾರವೂ ಇತ್ತು. ಒಕ್ಕೂಟ ಮಾರುವ ಭೂಮಿಗೆ ಐದು ವರ್ಷ ತೆರಿಗೆ ಹಾಕುವುದಿಲ್ಲವೆಂದು ಒಹಾಯೊ ಒಪ್ಪಿತು, ಅದಕ್ಕೆ ಬದಲಾಗಿ ಶಾಲೆಯ ಭೂಮಿ, ಉಪ್ಪಿನ ಬುಗ್ಗೆಗಳು ಮತ್ತು ಭೂಮಾರಾಟದ ಹಣದ ಇಪ್ಪತ್ತರಲ್ಲಿ ಒಂದು ಪಾಲು ರಸ್ತೆಗಳಿಗಾಗಿ ದೊರೆಯಿತು. ಪಶ್ಚಿಮಕ್ಕೆ ಹೋದಂತೆ ಈ ವ್ಯವಹಾರ ಬಿಗಿಯಾಯಿತು. ಮಾರಾಟವಾಗದೆ ಉಳಿದ ಸರ್ಕಾರಿ ಭೂಮಿಯ ಮೇಲೆ ತಮಗೆ ಯಾವ ಹಕ್ಕೂ ಇಲ್ಲವೆಂದು ಹೊಸ ರಾಜ್ಯಗಳು ಬರೆದುಕೊಡಬೇಕಾಯಿತು. ಇಂದು ನೆವಾಡಾದ ಶೇಕಡಾ 80 ರಷ್ಟು ನೆಲ ಕೇಂದ್ರದ ಕೈಯಲ್ಲಿರುವುದಕ್ಕೂ, ಅದರ ಬಗ್ಗೆ ಅಲ್ಲಿ ಆಗಾಗ ಎದ್ದೇಳುವ ಕಲಹಕ್ಕೂ ಬೇರು ಇಲ್ಲಿದೆ.

ಅನುಮತಿಗೆ ಕಾಯದೆ ಹೊರಟವರೂ ಇದ್ದರು. ಟೆನೆಸಿ 1796 ರಲ್ಲಿ ತಾನೇ ಜನಗಣತಿ ಮಾಡಿ, ತಾನೇ ಸಂವಿಧಾನ ಬರೆದು, ಸೆನೆಟರುಗಳನ್ನೂ ಆರಿಸಿ ರಾಜಧಾನಿಗೆ ಕಳಿಸಿಬಿಟ್ಟಿತು. ಕಾಂಗ್ರೆಸ್ ಗೊಣಗುತ್ತಲೇ ಒಪ್ಪಿಕೊಂಡಿತು. ಪ್ರಾಂತದ ಹಂತವನ್ನೇ ತುಳಿಯದ ರಾಜ್ಯಗಳು ಆರು. ಸ್ವತಂತ್ರವಾಗಿ ಆಳಿಕೊಳ್ಳುತ್ತಿದ್ದ ವರ್ಮಾಂಟ್ ನ್ಯೂಯಾರ್ಕಿಗೆ 30,000 ಡಾಲರ್ ಕೊಟ್ಟು ತಕರಾರು ತೀರಿಸಿಕೊಂಡು ಒಳಗೆ ಬಂತು. ಕೆಂಟಕಿ ವರ್ಜೀನಿಯಾದಿಂದಲೂ ಮೇಯ್ನ್ ಮ್ಯಾಸಚೂಸೆಟ್ಸ್‌ನಿಂದಲೂ ಒಪ್ಪಿಗೆಯ ಮೇಲೆ ಬೇರ್ಪಟ್ಟವು. ಟೆಕ್ಸಸ್ ಪ್ರತ್ಯೇಕ ಗಣರಾಜ್ಯವಾಗಿತ್ತು, ಕ್ಯಾಲಿಫೋರ್ನಿಯಾ ಚಿನ್ನದ ಹುಚ್ಚಿನಲ್ಲಿ ಜನ ನುಗ್ಗಿದ್ದರಿಂದ ನೇರವಾಗಿ ರಾಜ್ಯವಾಯಿತು, ಪಶ್ಚಿಮ ವರ್ಜೀನಿಯಾ ಅಂತರ್ಯುದ್ಧದ ನಡುವೆ ಒಡೆದು ಬಂತು.

ಲೆಕ್ಕಾಚಾರ ಅತ್ಯಂತ ನಿರ್ದಯವಾಗಿ ನಡೆದದ್ದು ಗುಲಾಮಗಿರಿಯ ವಿಷಯದಲ್ಲಿ. ಉತ್ತರದ ಜನಸಂಖ್ಯೆ ಬೇಗ ಬೆಳೆದು ಪ್ರತಿನಿಧಿ ಸಭೆಯಲ್ಲಿ ಅದರ ಕೈ ಮೇಲಾಗಿತ್ತು. ದಕ್ಷಿಣದ ಗುಲಾಮಿ ರಾಜ್ಯಗಳಿಗೆ ಸಮಬಲ ಉಳಿದಿದ್ದ ಜಾಗ ಸೆನೆಟ್ ಒಂದೇ. 1816 ರಲ್ಲಿ ಇಂಡಿಯಾನಾ ಬಂದರೆ 1817 ರಲ್ಲಿ ಮಿಸಿಸಿಪ್ಪಿ, 1818 ರಲ್ಲಿ ಇಲಿನಾಯ್ ಬಂದರೆ 1819 ರಲ್ಲಿ ಅಲಬಾಮಾ. ಮೊದಲಲ್ಲಿ ಹೇಳಿದ ಅಲಬಾಮಾದ ಅವಸರಕ್ಕೆ ಹತ್ತಿ ಬೆಳೆಯಲು ನುಗ್ಗಿದ ಜನಪ್ರವಾಹದ ಜೊತೆಗೆ ಈ ಜೋಡಿಲೆಕ್ಕವೂ ಒದಗಿತ್ತು. ಆಗ ಎರಡೂ ಕಡೆ ಹನ್ನೊಂದು ಹನ್ನೊಂದು ರಾಜ್ಯಗಳಾದವು. ಮಿಸ್ಸೂರಿ ಬಾಗಿಲು ತಟ್ಟಿದಾಗ ನ್ಯೂಯಾರ್ಕಿನ ಪ್ರತಿನಿಧಿ ಜೇಮ್ಸ್ ಟಾಲ್‌ಮಡ್ಜ್, ಅಲ್ಲಿಗೆ ಇನ್ನು ಹೊಸ ಗುಲಾಮರನ್ನು ತರಬಾರದು, ಇರುವವರ ಮಕ್ಕಳಿಗೆ ಕ್ರಮೇಣ ಬಿಡುಗಡೆಯಾಗಬೇಕು ಎಂಬ ತಿದ್ದುಪಡಿ ತಂದರು. ದಕ್ಷಿಣದವರು ಕೇಳಿದ ಪ್ರಶ್ನೆ ಸಮಾನ ಸ್ಥಾನದ ಬುಡಕ್ಕೇ ಕೈಹಾಕುವಂಥದು: ವರ್ಜೀನಿಯಾಕ್ಕೆ ಇಲ್ಲದ ಷರತ್ತನ್ನು ಮಿಸ್ಸೂರಿಗೆ ಹಾಕಿದರೆ ಅವೆರಡೂ ಸಮಾನ ರಾಜ್ಯಗಳು ಹೇಗಾದಾವು? ಸಮಾನತೆಯ ತತ್ತ್ವವನ್ನು ಮನುಷ್ಯರನ್ನು ಕೊಳ್ಳುವ ಹಕ್ಕಿನ ರಕ್ಷಣೆಗೆ ಗುರಾಣಿಯಾಗಿ ಹಿಡಿದ ಈ ವಾದ ನೈತಿಕವಾಗಿ ಹೇಯವಾದುದು, ಆದರೆ ಕಾನೂನಿನ ದೃಷ್ಟಿಯಿಂದ ಸುಲಭವಾಗಿ ತಳ್ಳಿಹಾಕುವಂಥದಲ್ಲ. ಕೊನೆಗೆ 1820 ರಲ್ಲಿ ಮೇಯ್ನ್ ಮುಕ್ತ ರಾಜ್ಯವಾಗಿ, ಮಿಸ್ಸೂರಿ ಗುಲಾಮಿ ರಾಜ್ಯವಾಗಿ ಬರಬೇಕೆಂದೂ, ಫ್ರಾನ್ಸಿನಿಂದ ಕೊಂಡಿದ್ದ ಲೂಸಿಯಾನಾ ಪ್ರದೇಶದ ಉಳಿದ ಭೂಮಿಯಲ್ಲಿ 36 ಡಿಗ್ರಿ 30 ನಿಮಿಷ ಅಕ್ಷಾಂಶದ ಉತ್ತರಕ್ಕೆ ಗುಲಾಮಗಿರಿ ಇರಬಾರದೆಂದೂ ರಾಜಿಯಾಯಿತು.

ಜೋಡಿಲೆಕ್ಕ ಮುಂದುವರಿಯಿತು: ಆರ್ಕನ್ಸಾಗೆ ಮಿಶಿಗನ್, ಫ್ಲಾರಿಡಾಗೆ ಅಯೋವಾ, ಟೆಕ್ಸಸ್ಸಿಗೆ ವಿಸ್ಕಾನ್ಸಿನ್. 1850 ರಲ್ಲಿ ಕ್ಯಾಲಿಫೋರ್ನಿಯಾ ಜೋಡಿಯಿಲ್ಲದೆ ಮುಕ್ತ ರಾಜ್ಯವಾಗಿ ಬಂದಾಗ ತಕ್ಕಡಿ ವಾಲಿತು. ಅದನ್ನು ಸರಿಪಡಿಸುವಂತೆ ತೋರಿದ 1854 ರ ಕಾನ್ಸಸ್–ನೆಬ್ರಾಸ್ಕಾ ಕಾಯಿದೆ 1820 ರ ಗೆರೆಯನ್ನು ಅಳಿಸಿ, ಗುಲಾಮಗಿರಿ ಬೇಕೇ ಬೇಡವೇ ಎಂಬುದನ್ನು ಪ್ರಾಂತದ ಜನರೇ ನಿರ್ಧರಿಸಲಿ ಎಂದಿತು. ಕೇಳಲು ಪ್ರಜಾಸತ್ತೆಯ ಮಾತಿನಂತಿದ್ದರೂ ‘ಪ್ರಾಂತದ ಜನ’ ಯಾರು ಎಂಬುದಕ್ಕೆ ಉತ್ತರವಿರಲಿಲ್ಲ. 1855 ರ ಮಾರ್ಚ್ ಚುನಾವಣೆಯಲ್ಲಿ ಮಿಸ್ಸೂರಿಯಿಂದ ಆಯುಧ ಹಿಡಿದ ಗುಂಪುಗಳು ಗಡಿ ದಾಟಿ ಬಂದು ಮತ ಹಾಕಿ ಹಿಂತಿರುಗಿದವು. 3,000 ಕ್ಕೂ ಕಡಿಮೆ ಮತದಾರರಿದ್ದ ಕಾನ್ಸಸ್ಸಿನಲ್ಲಿ 6,000 ಕ್ಕೂ ಹೆಚ್ಚು ಮತಗಳು ಬಿದ್ದವು. ಎರಡು ಸರ್ಕಾರಗಳು, ಎರಡು ಸಂವಿಧಾನಗಳು, ನಂತರ ಕೊಲೆ, ಸುಲಿಗೆ. 1857 ರಲ್ಲಿ ಡ್ರೆಡ್ ಸ್ಕಾಟ್ ಪ್ರಕರಣದ ತೀರ್ಪು, ಪ್ರಾಂತಗಳಲ್ಲಿ ಗುಲಾಮಗಿರಿ ನಿಷೇಧಿಸುವ ಅಧಿಕಾರವೇ ಕಾಂಗ್ರೆಸ್ಸಿಗೆ ಇಲ್ಲವೆಂದಿತು. ಗುಲಾಮಗಿರಿಯ ಪರವಾದ ಲೆಕಾಂಪ್ಟನ್ ಸಂವಿಧಾನವನ್ನು ಅಧ್ಯಕ್ಷ ಬುಕ್ಯಾನನ್ ಬೆಂಬಲಿಸಿದರು, ಕಾನ್ಸಸ್ಸಿನ ಮತದಾರರು 1858 ರ ಆಗಸ್ಟಿನಲ್ಲಿ ಭಾರಿ ಅಂತರದಿಂದ ತಿರಸ್ಕರಿಸಿದರು. ಕಾನ್ಸಸ್ ರಾಜ್ಯವಾದದ್ದು 1861 ರ ಜನವರಿ 29 ರಂದು, ದಕ್ಷಿಣದ ಸೆನೆಟರುಗಳು ಒಕ್ಕೂಟ ತೊರೆದು ಎದ್ದುಹೋದ ಕೆಲವೇ ದಿನಗಳಲ್ಲಿ. ಅಡ್ಡಿ ಮಾಡುವವರ ಕುರ್ಚಿಗಳು ಆಗ ಖಾಲಿಯಾಗಿದ್ದವು.

ಅಂತರ್ಯುದ್ಧದ ಕಾಲದಿಂದ ಗುಲಾಮಗಿರಿಯ ಜಾಗಕ್ಕೆ ಪಕ್ಷರಾಜಕೀಯ ಬಂತು. ನೆವಾಡಾದ ಉದಾಹರಣೆ ಕಣ್ಣಿಗೆ ಹೊಡೆಯುವಂಥದು. 1859 ರಲ್ಲಿ ಬೆಳ್ಳಿ ಗಣಿ ಸಿಕ್ಕಿತೆಂಬುದನ್ನು ಬಿಟ್ಟರೆ ಅದು ಮರುಭೂಮಿ. 1860 ರಲ್ಲಿ ಅಲ್ಲಿದ್ದ ಜನ ಏಳು ಸಾವಿರಕ್ಕೂ ಕಡಿಮೆ. ಆದರೂ ಲಿಂಕನ್ನರ ರಿಪಬ್ಲಿಕನ್ ಪಕ್ಷಕ್ಕೆ 1864 ರ ಚುನಾವಣೆಯಲ್ಲಿ ಮತಗಳೂ, ಗುಲಾಮಗಿರಿಯನ್ನು ಕಿತ್ತುಹಾಕುವ ಸಂವಿಧಾನ ತಿದ್ದುಪಡಿಗೆ ಬೆಂಬಲವೂ ಬೇಕಿತ್ತು. ನೆವಾಡಾದ ಹೊಸ ಸಂವಿಧಾನದ ಪ್ರತಿ ಅಂಚೆಯಲ್ಲಿ ಸಕಾಲಕ್ಕೆ ತಲುಪದೆಂದು ಇಡೀ ದಾಖಲೆಯನ್ನು ನಾಲ್ಕು ಸಾವಿರ ಡಾಲರಿಗೂ ಹೆಚ್ಚು ಖರ್ಚಿನಲ್ಲಿ ತಂತಿಯ ಮೂಲಕ ವಾಷಿಂಗ್ಟನ್ನಿಗೆ ಕಳಿಸಲಾಯಿತು. ಮತದಾನಕ್ಕೆ ಎಂಟು ದಿನ ಮೊದಲು, ಅಕ್ಟೋಬರ್ 31 ರಂದು, ನೆವಾಡಾ ರಾಜ್ಯವಾಯಿತು. ಬೆಳ್ಳಿ ಬರಿದಾದ ಮೇಲೆ ಅದರ ಜನಸಂಖ್ಯೆ ಕುಸಿದು 1900 ರಲ್ಲಿ ಸುಮಾರು 42,000 ಕ್ಕೆ ಇಳಿದಿತ್ತು. ಅದೇ ವರ್ಷ ನ್ಯೂ ಮೆಕ್ಸಿಕೊದಲ್ಲಿ 1,95,000 ಜನರಿದ್ದರು, ಇನ್ನೂ ಪ್ರಾಂತದ ಪ್ರಜೆಗಳಾಗಿ. 1876 ರ ಆಗಸ್ಟಿನಲ್ಲಿ ಸೇರಿದ ಕೊಲೊರಾಡೊಗೆ, ಅಧ್ಯಕ್ಷರನ್ನು ಆರಿಸಲು ರಾಜ್ಯಗಳಿಗೆ ಹಂಚಿಕೆಯಾಗುವ ಮತಗಳಲ್ಲಿ ಸಿಕ್ಕ ಮೂರು ಇಲ್ಲದಿದ್ದರೆ ಅದೇ ವರ್ಷ ರಿಪಬ್ಲಿಕನ್ ಹೇಯ್ಸ್ 185–184 ರಿಂದ ಅಧ್ಯಕ್ಷರಾಗುತ್ತಿರಲಿಲ್ಲ. ಡೆಮಾಕ್ರಟರು ಈ ಪಾಠವನ್ನು ಮರೆಯಲಿಲ್ಲ, ಮುಂದಿನ ಹದಿಮೂರು ವರ್ಷ ಯಾವ ಪ್ರಾಂತವೂ ರಾಜ್ಯವಾಗಲಿಲ್ಲ. 1888 ರ ಚುನಾವಣೆಯಲ್ಲಿ ರಿಪಬ್ಲಿಕನ್ನರು ಗೆದ್ದ ಮೇಲೆ ತಡೆ ಒಮ್ಮೆಗೇ ಒಡೆಯಿತು. ಡಕೋಟಾವನ್ನು ಎರಡಾಗಿ ಸೀಳಿ ನಾಲ್ಕು ಸೆನೆಟರುಗಳನ್ನು ಪಡೆಯಲಾಯಿತು. 1889 ರ ನವೆಂಬರಿನ ಹತ್ತು ದಿನಗಳೊಳಗೆ ಎರಡು ಡಕೋಟಾಗಳು, ಮೊಂಟಾನಾ, ವಾಷಿಂಗ್ಟನ್ ಬಂದವು, ಮರುವರ್ಷದ ಜುಲೈಯಲ್ಲಿ ಐಡಾಹೊ ಮತ್ತು ವೈಯೊಮಿಂಗ್. ಎರಡು ಡಕೋಟಾಗಳಲ್ಲಿ ಯಾವುದು ಹಿರಿದೆಂಬ ಜಗಳ ಬರಬಾರದೆಂದು ಅಧ್ಯಕ್ಷ ಹ್ಯಾರಿಸನ್ ಕಾಗದಗಳನ್ನು ಕಲಸಿ ಸಹಿ ಹಾಕಿದ್ದರಿಂದ, ಮೊದಲು ರಾಜ್ಯವಾದದ್ದು ಯಾವುದೆಂದು ಇಂದಿಗೂ ಯಾರಿಗೂ ಗೊತ್ತಿಲ್ಲ. ವೈಯೊಮಿಂಗ್ 1869 ರಲ್ಲೇ ಮಹಿಳೆಯರಿಗೆ ಕೊಟ್ಟಿದ್ದ ಮತದ ಹಕ್ಕನ್ನು ಬಿಟ್ಟುಕೊಡದೆಯೇ ಒಳಗೆ ಬಂತೆಂಬುದು ಈ ವ್ಯಾಪಾರದ ನಡುವೆ ಒಂದು ಒಳ್ಳೆಯ ಸುದ್ದಿ.

ಸಂಖ್ಯೆ ಇದ್ದೂ ಒಪ್ಪಿಗೆ ಸಿಗದವರ ಪೈಕಿ ಯೂಟಾ ಒಂದು. 1847 ರಲ್ಲಿ ಅಲ್ಲಿಗೆ ಬಂದ ಮಾರ್ಮನ್ ಪಂಥದವರು ಡೆಸರೆಟ್ ಎಂಬ ವಿಶಾಲ ರಾಜ್ಯವನ್ನು ಕೇಳಿದ್ದರು. 1850 ರಲ್ಲಿ ಅವರಿಗೆ ಸಿಕ್ಕಿದ್ದು ಯೂಟಾ ಎಂಬ ಪ್ರಾಂತ. ಅವರ ಬಹುಪತ್ನಿತ್ವ ಮತ್ತು ಧರ್ಮಗುರುಗಳ ರಾಜಕೀಯ ಹಿಡಿತ ಕಾಂಗ್ರೆಸ್ಸಿಗೆ ಸಹ್ಯವಾಗಲಿಲ್ಲ. ರಾಜ್ಯವಾಗಿದ್ದರೆ ತನ್ನ ವಿವಾಹ ಕಾನೂನನ್ನು ತಾನೇ ಮಾಡಿಕೊಳ್ಳಬಹುದಾಗಿದ್ದ ಯೂಟಾ, ಪ್ರಾಂತವಾಗಿದ್ದ ಕಾರಣದಿಂದ 1862, 1882, 1887 ರ ಕೇಂದ್ರ ಕಾಯಿದೆಗಳನ್ನು ಅನುಭವಿಸಬೇಕಾಯಿತು. ಕೊನೆಯದು ಚರ್ಚಿನ ಆಸ್ತಿಯನ್ನೇ ಮುಟ್ಟುಗೋಲು ಹಾಕಿಕೊಂಡಿತು. 1890 ರಲ್ಲಿ ಪಂಥದ ಅಧ್ಯಕ್ಷ ವಿಲ್ಫರ್ಡ್ ವುಡ್ರಫ್ ಬಹುಪತ್ನಿತ್ವವನ್ನು ಕೈಬಿಡುವ ಪ್ರಕಟಣೆ ಹೊರಡಿಸಿದರು, 1896 ರ ಜನವರಿಯಲ್ಲಿ ರಾಜ್ಯತ್ವ ಬಂತು.

ನ್ಯೂ ಮೆಕ್ಸಿಕೊದ ತೊಡಕು ಇನ್ನೂ ಸೂಕ್ಷ್ಮವಾದುದು. ಮೆಕ್ಸಿಕೊ ಯುದ್ಧದ ನಂತರ 1848 ರ ಒಪ್ಪಂದದಲ್ಲಿ ಆ ನೆಲದ ಜನರಿಗೆ ಸಕಾಲದಲ್ಲಿ ಪೂರ್ಣ ಹಕ್ಕು ಕೊಡುವ ಭರವಸೆಯಿತ್ತು, ಸಕಾಲ ಯಾವುದೆಂಬ ತೀರ್ಮಾನವನ್ನು ಕಾಂಗ್ರೆಸ್ಸಿಗೆ ಬಿಡಲಾಗಿತ್ತು. ಅಲ್ಲಿನ ಬಹುಸಂಖ್ಯಾತರು ಸ್ಪ್ಯಾನಿಷ್ ಮಾತನಾಡುವ ಕ್ಯಾಥೊಲಿಕರು; ಅವರು ‘ಅಮೆರಿಕನ್ನರೇ’ ಎಂಬ ಪ್ರಶ್ನೆಯನ್ನು ಪೂರ್ವದ ಪತ್ರಿಕೆಗಳೂ ಸೆನೆಟರುಗಳೂ ಮತ್ತೆ ಮತ್ತೆ ಎತ್ತಿದರು. ಸೆನೆಟ್‌ನ ಪ್ರಾಂತ ಸಮಿತಿಯ ಅಧ್ಯಕ್ಷರಾಗಿದ್ದ ಇಂಡಿಯಾನಾದ ಆಲ್ಬರ್ಟ್ ಬೆವರಿಜ್ 1902 ರಲ್ಲಿ ಅಲ್ಲಿ ಪ್ರವಾಸ ಮಾಡಿ ಬಂದು, ಕೋರ್ಟು ಶಾಲೆಗಳಲ್ಲಿ ಸ್ಪ್ಯಾನಿಷ್ ಬಳಕೆಯನ್ನೇ ಅನರ್ಹತೆಯ ಸಾಕ್ಷಿಯಾಗಿ ಮುಂದಿಟ್ಟರು. ಅವರ ಸ್ವಂತ ರಾಜ್ಯವೂ ಒಂದು ಕಾಲಕ್ಕೆ ಫ್ರೆಂಚ್ ವಸಾಹತಿನ ಭಾಗವಾಗಿತ್ತೆಂಬುದು ಯಾರಿಗೂ ನೆನಪಾದಂತಿಲ್ಲ. ಅರಿಜೋನಾದೊಡನೆ ಸೇರಿಸಿ ಒಂದೇ ರಾಜ್ಯ ಮಾಡಿದರೆ ಸ್ಪ್ಯಾನಿಷ್ ಮಾತಿನವರ ಬಲವೂ ಸೆನೆಟರುಗಳ ಸಂಖ್ಯೆಯೂ ಕುಗ್ಗುತ್ತದೆಂದು 1906 ರಲ್ಲಿ ಜನಮತ ಕೇಳಲಾಯಿತು. ನ್ಯೂ ಮೆಕ್ಸಿಕೊ ಒಪ್ಪಿತು, ಅರಿಜೋನಾ ಒಪ್ಪಲಿಲ್ಲ. 1910 ರ ಅನುಮತಿ ಕಾಯಿದೆ, ರಾಜ್ಯದ ಅಧಿಕಾರಿಗಳೂ ಶಾಸಕರೂ ಇಂಗ್ಲಿಷ್ ಬಲ್ಲವರಾಗಿರಬೇಕೆಂಬ ಷರತ್ತು ಹಾಕಿತು. ನ್ಯೂ ಮೆಕ್ಸಿಕೊದ ಸಮಾವೇಶ ತನ್ನ ಸಂವಿಧಾನದಲ್ಲಿ ಸ್ಪ್ಯಾನಿಷ್ ಮಾತಿನವರ ಮತದ ಹಕ್ಕನ್ನೂ ಅವರ ಮಕ್ಕಳ ಶಾಲಾ ಹಕ್ಕನ್ನೂ ಸುಲಭಕ್ಕೆ ತಿದ್ದಲಾಗದಂತೆ ಬರೆದು ಉತ್ತರ ಕೊಟ್ಟಿತು.

ಷರತ್ತುಗಳಿಗೆ ಎಷ್ಟು ಬೆಲೆ ಎಂಬುದನ್ನು ಅರಿಜೋನಾ ತೋರಿಸಿತು. ಅದರ ಸಂವಿಧಾನದಲ್ಲಿ ನ್ಯಾಯಾಧೀಶರನ್ನೂ ಮತದಾರರು ಅವಧಿಗೆ ಮುನ್ನ ಹಿಂದಕ್ಕೆ ಕರೆಸಬಹುದೆಂಬ ನಿಯಮವಿತ್ತು. ಸ್ವತಃ ನ್ಯಾಯಾಧೀಶರಾಗಿದ್ದ ಅಧ್ಯಕ್ಷ ಟಾಫ್ಟ್ ಅದಕ್ಕಾಗಿ 1911 ರಲ್ಲಿ ಸೇರ್ಪಡೆಯ ನಿರ್ಣಯವನ್ನೇ ತಿರಸ್ಕರಿಸಿದರು. ಅರಿಜೋನಾ ಆ ನಿಯಮವನ್ನು ತೆಗೆಯಿತು, 1912 ರ ಫೆಬ್ರವರಿ 14 ರಂದು ರಾಜ್ಯವಾಯಿತು, ಅದೇ ನವೆಂಬರಿನಲ್ಲಿ ಮತದಾರರು ಅದನ್ನು ಮರಳಿ ಸೇರಿಸಿದರು. ಟಾಫ್ಟ್ ಏನೂ ಮಾಡುವಂತಿರಲಿಲ್ಲ. ಇದಕ್ಕೆ ಕಾನೂನಿನ ಸಮರ್ಥನೆ 1911 ರಲ್ಲೇ ದೊರೆತಿತ್ತು. ಒಕ್ಲಹೋಮಾ 1913 ರವರೆಗೂ ಗತ್ರೀ ಪಟ್ಟಣವನ್ನೇ ರಾಜಧಾನಿಯಾಗಿ ಇಟ್ಟುಕೊಳ್ಳಬೇಕೆಂದು ಕಾಂಗ್ರೆಸ್ ವಿಧಿಸಿತ್ತು. ರಾಜ್ಯ ಅದನ್ನು ಲೆಕ್ಕಿಸದೆ 1910 ರಲ್ಲಿ ಒಕ್ಲಹೋಮಾ ನಗರಕ್ಕೆ ಹೋಯಿತು. ಉಳಿದ ರಾಜ್ಯಗಳು ತಮ್ಮ ರಾಜಧಾನಿಯನ್ನು ತಾವೇ ಆರಿಸಬಹುದಾದರೆ ಒಕ್ಲಹೋಮಾವೂ ಆರಿಸಬಹುದು, ಅದನ್ನು ಸೇರ್ಪಡೆಯ ಷರತ್ತಿನಿಂದ ಕಸಿಯಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಮಿಸ್ಸೂರಿಯ ಕಾಲದಲ್ಲಿ ತೀರ್ಮಾನವಾಗದ ಪ್ರಶ್ನೆಗೆ ತೊಂಬತ್ತು ವರ್ಷಗಳ ನಂತರ ಸಿಕ್ಕ ಉತ್ತರ ಇದು.

ಅದೇ ಒಕ್ಲಹೋಮಾ ರಾಜ್ಯತ್ವದ ಇನ್ನೊಂದು ಮುಖವನ್ನೂ ತೋರಿಸುತ್ತದೆ. 1830 ರ ಕಾಯಿದೆಯ ನಂತರ ತಮ್ಮ ಊರುಗಳಿಂದ ಓಡಿಸಲ್ಪಟ್ಟ ಚೆರೋಕಿ, ಚೋಕ್ಟಾ, ಚಿಕಸಾ, ಕ್ರೀಕ್, ಸೆಮಿನೋಲ್ ಜನಾಂಗಗಳಿಗೆ ಅಲ್ಲಿ ಶಾಶ್ವತ ನೆಲೆ ಕೊಡಲಾಗಿತ್ತು. 1905 ರಲ್ಲಿ ಅವರು ಮಸ್ಕೋಗಿಯಲ್ಲಿ ಸಮಾವೇಶ ನಡೆಸಿ, ಸಿಕೋಯಾ ಎಂಬ ರಾಜ್ಯಕ್ಕೆ ಸಂವಿಧಾನ ಬರೆದು, ಜನಮತದಲ್ಲಿ ಭಾರಿ ಒಪ್ಪಿಗೆ ಪಡೆದರು. ಅನುಮತಿಯ ಹಂತವೊಂದನ್ನು ಬಿಟ್ಟರೆ ನಿಯಮ ಕೇಳುವುದೆಲ್ಲವೂ ಅಲ್ಲಿತ್ತು. ಕಾಂಗ್ರೆಸ್ ಅದನ್ನು ಚರ್ಚೆಗೂ ತೆಗೆದುಕೊಳ್ಳದೆ, ಪಕ್ಕದ ಒಕ್ಲಹೋಮಾ ಪ್ರಾಂತದೊಡನೆ ಸೇರಿಸಿ 1907 ರಲ್ಲಿ ಒಂದೇ ರಾಜ್ಯ ಮಾಡಿತು. ಕ್ರೀಕ್ ಜನಾಂಗದ ಮೀಸಲು ಪ್ರದೇಶವನ್ನು ಕಾಂಗ್ರೆಸ್ ಎಂದೂ ವಿಧಿವತ್ತಾಗಿ ರದ್ದುಮಾಡಿರಲಿಲ್ಲವೆಂದು ಸುಪ್ರೀಂ ಕೋರ್ಟ್ ಹೇಳಲು 2020 ಬರಬೇಕಾಯಿತು.

ಅಲಾಸ್ಕಾ ಮತ್ತು ಹವಾಯಿ 1959 ರಲ್ಲಿ ಬಂದ ಕಥೆಯನ್ನು ಬೇಗ ಹೇಳಬಹುದು, ಏಕೆಂದರೆ ಲೆಕ್ಕ ಹಳೆಯದೇ. 72 ಲಕ್ಷ ಡಾಲರಿಗೆ 1867 ರಲ್ಲಿ ರಷ್ಯದಿಂದ ಕೊಂಡ ಅಲಾಸ್ಕಾ ಡೆಮಾಕ್ರಟರ ಕಡೆ ವಾಲುತ್ತದೆಂದೂ, ರಾಜಪ್ರಭುತ್ವವನ್ನು ಉರುಳಿಸಿ 1898 ರಲ್ಲಿ ವಶಪಡಿಸಿಕೊಂಡ ಹವಾಯಿ ರಿಪಬ್ಲಿಕನ್ನರದೆಂದೂ ಎಲ್ಲರೂ ನಂಬಿದ್ದರಿಂದ ಅವು ಒಂದಕ್ಕೊಂದು ಸರಿದೂಗಿದವು. ಏಷ್ಯಾ ಮೂಲದವರು ಹೆಚ್ಚಾಗಿರುವ ಹವಾಯಿಯಿಂದ ಬರುವ ಸೆನೆಟರುಗಳು ನಾಗರಿಕ ಹಕ್ಕುಗಳ ಪರ ಮತ ಹಾಕಿಯಾರೆಂದು ದಕ್ಷಿಣದ ಸೆನೆಟರುಗಳು ಬಹುಕಾಲ ತಡೆದಿದ್ದರು. ಎರಡು ರಾಜ್ಯಗಳೂ ಮುಂದೆ ನಿರೀಕ್ಷೆಗೆ ತದ್ವಿರುದ್ಧವಾದ ಪಕ್ಷಗಳ ಕೋಟೆಗಳಾದವು.

1898 ರಲ್ಲೇ ಸ್ಪೇನಿನಿಂದ ದೊರೆತ ಪೋರ್ಟೊ ರಿಕೊ ಮಾತ್ರ ಈ ದಾರಿಯ ಹೊರಗೇ ಉಳಿಯಿತು. 1901 ರಿಂದ ಆರಂಭವಾದ ದ್ವೀಪ ಪ್ರಕರಣಗಳ ತೀರ್ಪುಗಳಲ್ಲಿ ಸುಪ್ರೀಂ ಕೋರ್ಟ್ ಪ್ರಾಂತಗಳನ್ನು ಎರಡು ಬಗೆಯಾಗಿ ವಿಂಗಡಿಸಿತು: ಒಕ್ಕೂಟದಲ್ಲಿ ಅಂತರ್ಗತವಾದವು ಮತ್ತು ಅದಕ್ಕೆ ಸೇರಿಯೂ ಅಂತರ್ಗತವಾಗದವು. ಮೊದಲನೆಯವು ಎಂದಾದರೂ ರಾಜ್ಯವಾಗಬೇಕಾದವು, ಎರಡನೆಯವುಗಳಿಗೆ ಅಂಥ ಭರವಸೆಯಿಲ್ಲ, ಸಂವಿಧಾನದ ಎಲ್ಲ ರಕ್ಷಣೆಗಳೂ ಇಲ್ಲ. ಪ್ರಾಂತವೆಂಬುದು ತಾತ್ಕಾಲಿಕ ಸ್ಥಿತಿ ಎಂಬ 1787 ರ ಕಲ್ಪನೆಯನ್ನು ಈ ಒಂದು ವಿಂಗಡಣೆ ಮುರಿಯಿತು. ಪೋರ್ಟೊ ರಿಕೊದ ಜನ 1917 ರಿಂದ ಅಮೆರಿಕದ ಪ್ರಜೆಗಳು, 1952 ರಿಂದ ಅವರಿಗೆ ಸ್ವಂತ ಸಂವಿಧಾನವಿದೆ, ಮೂವತ್ತು ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯಿದೆ. ಅಧ್ಯಕ್ಷರ ಚುನಾವಣೆಯಲ್ಲಿ ಮತವಿಲ್ಲ, ಕಾಂಗ್ರೆಸ್ಸಿನಲ್ಲಿ ಇರುವ ಒಬ್ಬ ಪ್ರತಿನಿಧಿಗೆ ಸದನದ ಅಂತಿಮ ಮತದಾನದಲ್ಲಿ ಪಾಲಿಲ್ಲ. 2020 ರ ಜನಮತದಲ್ಲಿ ಶೇಕಡಾ 52 ಕ್ಕೂ ಹೆಚ್ಚು ಮಂದಿ ರಾಜ್ಯತ್ವ ಬೇಕೆಂದರು, ಆದರೆ ಅಂಥ ಜನಮತ ಕಾಂಗ್ರೆಸ್ಸನ್ನು ಕಟ್ಟಿಹಾಕುವುದಿಲ್ಲ. ರಾಜಧಾನಿ ವಾಷಿಂಗ್ಟನ್ ನಗರದಲ್ಲಿ ವೈಯೊಮಿಂಗ್ ರಾಜ್ಯಕ್ಕಿಂತ ಹೆಚ್ಚು ಜನರಿದ್ದಾರೆ. ಅದನ್ನು ರಾಜ್ಯ ಮಾಡುವ ಮಸೂದೆ 2020 ಮತ್ತು 2021 ರಲ್ಲಿ ಪ್ರತಿನಿಧಿ ಸಭೆಯನ್ನು ದಾಟಿ ಸೆನೆಟ್‌ನಲ್ಲಿ ನಿಂತುಹೋಯಿತು. ಎರಡೂ ಸದನಗಳ ಸಾಧಾರಣ ಬಹುಮತ ಮತ್ತು ಅಧ್ಯಕ್ಷರ ಸಹಿ ಇದ್ದರೆ ಸೇರ್ಪಡೆಗೆ ಸಾಕು. ರಾಜಧಾನಿಗೆ 1961 ರಲ್ಲಿ ಅಧ್ಯಕ್ಷರ ಚುನಾವಣೆಯ ಮೂರು ಮತಗಳನ್ನು ಕೊಟ್ಟ ಸಂವಿಧಾನ ತಿದ್ದುಪಡಿಯನ್ನು ಏನು ಮಾಡಬೇಕೆಂಬ ಕಾನೂನಿನ ತೊಡಕು ಒಂದಿದೆಯಾದರೂ, ನಗರದ ಮತದಾರರು ಯಾವ ಪಕ್ಷದ ಇಬ್ಬರನ್ನು ಸೆನೆಟ್‌ಗೆ ಕಳಿಸುತ್ತಾರೆಂಬುದರಲ್ಲಿ ಎರಡೂ ಪಕ್ಷಗಳಿಗೆ ಯಾವ ಸಂದೇಹವೂ ಇಲ್ಲ.